ಅಪ್ಪಯ್ಯನ ಡಿ90 ಇಟ್ಟುಕೊಳ್ಳಲಾ, ಜೇಬಿನ ಕ್ಯಾಮೆರಾ ಕೊಳ್ಳಲಾ?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಅಪ್ಪಯ್ಯ ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಕುಂದಾಪುರಕ್ಕೆ ಹೋಗುವಾಗ ತಮ್ಮ ನಿಕಾನ್ ಡಿ90 ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ನನ್ನ ಕೈಗೆ ಕೊಟ್ಟರು. ಜೊತೆಗೆ ಅದರ 18-105 ಎಂಎಂ ಜೂಮ್ ಲೆನ್ಸ್. 2010ರಲ್ಲಿ ಫೋರ್ಟ್‌ನಲ್ಲಿ ಕೊಂಡದ್ದು. ಎರಡು ವರ್ಷ ದುಡ್ಡು ಕೂಡಿಟ್ಟು ತಂದಿದ್ದರು. ನನ್ನ ಶಾಲೆಯ ಡ್ಯಾನ್ಸ್, ಕೋಟೇಶ್ವರದ ಕೊಡಿ ಹಬ್ಬ, ಅಜ್ಜಿಯ ಕೊನೆಯ ಫೋಟೋ ಎಲ್ಲ ಅದರಲ್ಲೇ ತೆಗೆದದ್ದು.

ಈಗ ಅದು ಕಪಾಟಿನಲ್ಲೇ ಇರುತ್ತದೆ. ನಾನು ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಸಿಎಸ್‌ಎಂಟಿ ಫಾಸ್ಟ್ ಲೋಕಲ್ ರೈಲು ಹತ್ತುವವಳು. ಲೇಡೀಸ್ ಡಬ್ಬಾದಲ್ಲಿ ಬ್ಯಾಗ್ ಎದೆಗೆ ಒತ್ತಿಕೊಂಡು ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಬಾಡಿ, ಲೆನ್ಸ್, ಬ್ಯಾಟರಿ ಎಲ್ಲ ಸೇರಿ ಒಂದು ಕಿಲೋ ದಾಟುತ್ತದೆ. ಕಳೆದ ವರ್ಷ ಅದನ್ನು ಹೊರಗೆ ತೆಗೆದದ್ದು ನಾಲ್ಕೇ ಸಲ.

ಆಫೀಸಿನ ಗೆಳತಿಯೊಬ್ಬಳು ತನ್ನ ಸೋನಿ ಆರ್‌ಎಕ್ಸ್100 ಮಾರುತ್ತಿದ್ದಾಳೆ. 2012ರ ಮೊದಲ ಮಾಡೆಲ್. ಬ್ಯಾಟರಿ, ಕಾರ್ಡ್ ಸೇರಿ 240 ಗ್ರಾಂ. ಕುರ್ತಾದ ಜೇಬಿಗೆ ಹೋಗುತ್ತದೆ. ಡಿ90 ಮಾರಿದರೆ ಅದಕ್ಕೆ ದುಡ್ಡು ಹೊಂದಿಸಬಹುದು. ಆದರೆ ಮನಸ್ಸು ಒಪ್ಪುತ್ತಿಲ್ಲ. ಅಪ್ಪಯ್ಯನದ್ದು ಅನ್ನುವುದು ಒಂದು. ಇನ್ನೊಂದು, ಹಳೆಯದಾದರೂ ದೊಡ್ಡ ಕ್ಯಾಮೆರಾ ಅಲ್ವಾ, ಫೋಟೋ ಅದರಲ್ಲೇ ಚೆನ್ನಾಗಿ ಬರಬೇಕಲ್ವಾ?

ನಾನು ತೆಗೆಯುವುದು ಮುಖ್ಯವಾಗಿ ಯಕ್ಷಗಾನ. ಮೇ ಕೊನೆಯ ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರಲ್ಲ, ಆಗ. ಮತ್ತೆ ದಾದರ್ ಹೂವಿನ ಮಾರ್ಕೆಟ್, ಬೆಳಗಿನ ಹೊತ್ತು.

ಠಾಣೆ ಸಿಸಿಡಿ

ಅಕ್ಕ, ಆರ್‌ಎಕ್ಸ್100 ಕೂಡ ಬೇಡ. ಹಳೇ ಸಿಸಿಡಿ (ಹಳೆಯ ಬಗೆಯ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್) ಇರುವ ಪಾಕೆಟ್ ಕ್ಯಾಮೆರಾ ತಗೊಳ್ಳಿ. ನಮ್ಮ ಕಾಲೇಜಿನಲ್ಲಿ ಎಲ್ಲರೂ ಈಗ ಅದನ್ನೇ ಹುಡುಕುತ್ತಿದ್ದಾರೆ. ನಾನು ಮಾಮನ ಮನೆಯ ಅಟ್ಟದಿಂದ 7 ಮೆಗಾಪಿಕ್ಸೆಲ್‌ದು ಒಂದು ತೆಗೆದು ಬಳಸುತ್ತಿದ್ದೇನೆ. ಫ್ಲ್ಯಾಶ್ ಹಾಕಿ ಗೆಳೆಯರ ಫೋಟೋ ತೆಗೆದರೆ ಆ ಬಣ್ಣ ಫೋನಿನಲ್ಲಿ ಬರುವುದೇ ಇಲ್ಲ. ಬೆಲೆಯೂ ಕಡಿಮೆ.

ಲೆನ್ಸ್ ರಿಪೇರಿ ಮಾಟುಂಗಾ

ತಂಗಿ, ಈ ಟೇಬಲ್ ಮುಂದೆ ಕೂತು ಇಪ್ಪತ್ತು ವರ್ಷ ದಾಟಿತು. ಈ ಎರಡೂ ಕ್ಯಾಮೆರಾಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಎಲ್ಲರೂ ಮೊದಲು ಸೆನ್ಸರ್ ಲೆಕ್ಕ ಹೇಳುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಅಲ್ಲೇ ನಿಲ್ಲಬೇಡಿ.

ಡಿ90 ಬಂದದ್ದು 2008ರಲ್ಲಿ. 12.3 ಮೆಗಾಪಿಕ್ಸೆಲ್. ಸೆನ್ಸರ್ 23.6 ಮಿ.ಮೀ. ಅಗಲ, 15.8 ಮಿ.ಮೀ. ಎತ್ತರ. ಆರ್‌ಎಕ್ಸ್100ರದ್ದು 20 ಮೆಗಾಪಿಕ್ಸೆಲ್, 13.2 ಅಗಲ, 8.8 ಎತ್ತರ. ಗುಣಿಸಿ ನೋಡಿ. ಒಂದು ಕಡೆ 373 ಚದರ ಮಿ.ಮೀ., ಇನ್ನೊಂದು ಕಡೆ 116. ಮೂರು ಪಟ್ಟಿಗಿಂತ ಜಾಸ್ತಿ. ಇಷ್ಟು ಕೇಳಿದವರು ದೊಡ್ಡದೇ ಗೆದ್ದಿತು ಅಂತ ಎದ್ದು ಹೋಗುತ್ತಾರೆ.

ಆದರೆ ಬೆಳಕು ಒಳಗೆ ಬರುವುದು ಲೆನ್ಸಿನ ತೂತಿನಿಂದ. ಊರಲ್ಲಿ ಮಳೆ ನೀರು ಹಿಡಿಯಲು ಸೂರಿಗೆ ದಂಬೆ ಕಟ್ಟುತ್ತೇವಲ್ಲ, ಹಾಗೆ. ಕೆಳಗೆ ಹಂಡೆ ಎಷ್ಟು ದೊಡ್ಡದಿಟ್ಟರೂ ದಂಬೆ ಸಣ್ಣದಾದರೆ ಬೀಳುವ ನೀರು ಅಷ್ಟೇ.

ನಿಮ್ಮ 18-105 ಲೆನ್ಸನ್ನು 18ರಲ್ಲಿ ಇಟ್ಟರೆ ಅದು ತೆರೆಯುವುದು ಎಫ್ 3.5ರ ತನಕ. 18ನ್ನು 3.5ರಿಂದ ಭಾಗಿಸಿ. ತೂತು 5.1 ಮಿ.ಮೀ. ಆರ್‌ಎಕ್ಸ್100ರ ಲೆನ್ಸ್ ಅದೇ ಅಗಲದ ನೋಟಕ್ಕೆ 10.4 ಮಿ.ಮೀ., ಎಫ್ 1.8. ಭಾಗಿಸಿದರೆ 5.8 ಮಿ.ಮೀ. ಜೇಬಿನ ಕ್ಯಾಮೆರಾದ ತೂತೇ ದೊಡ್ಡದು! ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕೆ, ಹೆಚ್ಚಿದಷ್ಟೂ ಫೋಟೋದಲ್ಲಿ ಕಾಳು ಜಾಸ್ತಿ. ಕತ್ತಲೆ ಕೋಣೆಯಲ್ಲಿ ಡಿ90ಕ್ಕೆ ಐಎಸ್‌ಒ 800 ಬೇಕಾದ ಕಡೆ ಅದಕ್ಕೆ 200 ಹತ್ತಿರ ಸಾಕಾಗುತ್ತದೆ. ಹಂಡೆ ದೊಡ್ಡದಾಗಿದ್ದರಿಂದ ಸಿಕ್ಕ ಲಾಭ ಅಲ್ಲಿಗೆ ಮುಗಿಯಿತು. ಎರಡರ ಫೋಟೋ ಪಕ್ಕ ಪಕ್ಕ ಇಟ್ಟರೆ ಯಾವುದು ಯಾವುದರದ್ದು ಅಂತ ಹೇಳುವುದು ಕಷ್ಟ.

ಜೂಮ್ ಮಾಡಿದರೆ ಲೆಕ್ಕ ತಿರುಗುತ್ತದೆ. ಪಾಕೆಟ್‌ನ ಲೆನ್ಸ್ ಪೂರ್ತಿ ಉದ್ದಕ್ಕೆ ಬಂದಾಗ ಎಫ್ 4.9 ಆಗಿಬಿಡುತ್ತದೆ. ತೂತು ಏಳೂವರೆ ಮಿ.ಮೀ. ಅಷ್ಟೇ ದೂರದ ನೋಟಕ್ಕೆ ನಿಮ್ಮ ಕಿಟ್ ಲೆನ್ಸಿನಲ್ಲಿ, ಅಂದರೆ ಕ್ಯಾಮೆರಾ ಜೊತೆ ಬಂದ 18-105ರಲ್ಲಿ, ಹನ್ನೆರಡು ದಾಟುತ್ತದೆ.

ಈಗ ಅದೇ ಬಾಡಿಗೆ 50 ಎಂಎಂ ಎಫ್ 1.8 ಹಾಕಿ. ತೂತು ಸುಮಾರು 28 ಮಿ.ಮೀ.! ಆಟವೇ ಬೇರೆ. ಆ ಲೆನ್ಸಿನ ಹಳೆಯ ಡಿ ಮಾದರಿ 155 ಗ್ರಾಂ ಅಷ್ಟೇ, ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಡಿ90 ಬಾಡಿಯ ಒಳಗೇ ಫೋಕಸ್ ಮೋಟಾರ್ ಇದೆ. ಹಾಗಾಗಿ ಆ ಹಳೆಯ ಲೆನ್ಸೂ ಅದರಲ್ಲಿ ತಾನಾಗಿ ಫೋಕಸ್ ಮಾಡುತ್ತದೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಈ ಮೋಟಾರ್ ಇಲ್ಲ. ಅಪ್ಪಯ್ಯ ಒಳ್ಳೆಯ ಬಾಡಿಯನ್ನೇ ಆರಿಸಿದ್ದರು.

ಹಾಗಾಗಿ ನನ್ನ ಮಾತು ಇಷ್ಟೇ. ಡಿ90 ಮತ್ತು ಪಾಕೆಟ್ ಅಂತ ಹೋಲಿಸಬೇಡಿ. ಕಿಟ್ ಲೆನ್ಸ್ ಹಾಕಿದ ಡಿ90 ಒಂದು ಕ್ಯಾಮೆರಾ. 50 ಹಾಕಿದ ಡಿ90 ಇನ್ನೊಂದು. ಎರಡನೆಯದನ್ನು ನೀವು ಇನ್ನೂ ನೋಡೇ ಇಲ್ಲ. ನೋಡದೆ ಮಾರಬೇಡಿ.

ಡೊಂಬಿವಲಿ ಫಾಸ್ಟ್

ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎರಡು ಸಲ ಓದಿದೆ. ಒಂದು ಅನುಮಾನ. ಆರ್‌ಎಕ್ಸ್100ರದ್ದು ಒಂದಿಂಚಿನ ಸೆನ್ಸರ್ ಅಂತ ಗೆಳತಿ ಹೇಳಿದ್ದಳು. ಒಂದಿಂಚು ಅಂದರೆ 25 ಮಿ.ಮೀ. ಆಗಬೇಕಲ್ವಾ?

ಲೆನ್ಸ್ ರಿಪೇರಿ ಮಾಟುಂಗಾ

ಒಳ್ಳೆಯ ಪ್ರಶ್ನೆ. ಅದರ ಯಾವ ಬದಿಯನ್ನು ಅಳೆದರೂ ಒಂದಿಂಚು ಸಿಗುವುದಿಲ್ಲ. ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ.ಗೆ ತುಸು ಕಡಿಮೆ. ಹಳೆಯ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತು. ಆ ಟ್ಯೂಬಿನ ಹೊರಗಿನ ಅಳತೆ ಒಂದಿಂಚು ಇದ್ದರೆ ಒಳಗೆ ಚಿತ್ರ ಬೀಳುವ ಜಾಗ ಇಷ್ಟಿರುತ್ತಿತ್ತು. ಟ್ಯೂಬ್ ಹೋಯಿತು, ಹೆಸರು ಉಳಿಯಿತು. ಕೊಳ್ಳುವಾಗ ಇಂಚು ಕೇಳಬೇಡಿ, ಮಿ.ಮೀ. ಕೇಳಿ.

ಭಿಗ್ವಣ ಕಾಕಾ

ಪುಣೆಯಿಂದ ಬರೆಯುತ್ತಿದ್ದೇನೆ, ಮೂಲ ಧಾರವಾಡ. ರಿಟೈರ್ ಆದ ಮೇಲೆ ಹಕ್ಕಿ ಫೋಟೋ ತೆಗೆಯುವುದೇ ನನ್ನ ಕೆಲಸ. ನನ್ನ ಹತ್ತಿರವೂ ಡಿ90 ಇದೆ ನೋಡವಾ.

ಮಾಟುಂಗಾದವರು ಹೇಳಿದ ತೂತಿನ ಲೆಕ್ಕ ಸರಿ. ನನ್ನ ಅನುಭವ ಸ್ವಲ್ಪ ಸೇರಿಸುತ್ತೇನೆ. ಭಿಗ್ವಣಕ್ಕೆ, ಅಂದರೆ ಉಜನಿ ಅಣೆಕಟ್ಟಿನ ಹಿನ್ನೀರಿಗೆ, ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಪುಣೆಯಿಂದ ನೂರು ಕಿಲೋಮೀಟರ್ ಆಸುಪಾಸು. ಬೆಳಕು ಹರಿಯುವ ಮೊದಲೇ ದೋಣಿ ಹತ್ತಬೇಕು. ನಾನು ಒಂದು ವರ್ಷ ಭಾರ ತಾಳದೆ ಡಿ90 ಮನೆಯಲ್ಲಿಟ್ಟು, 30 ಪಟ್ಟು ಜೂಮ್ ಇರುವ ಪಾಕೆಟ್ ಕ್ಯಾಮೆರಾ ಹಿಡಿದು ಹೋದೆ. ಜೂಮ್ ಏನೋ ಹಕ್ಕಿಯ ಕಣ್ಣಿನ ತನಕ ಹೋಯಿತು. ಆದರೆ ಆ ಕ್ಯಾಮೆರಾದ ಸೆನ್ಸರ್ 6.2 ಮಿ.ಮೀ. ಅಗಲ, ನಾಲ್ಕೂವರೆ ಎತ್ತರ. ಒಟ್ಟು 28 ಚದರ ಮಿ.ಮೀ. ಬೆಳಗಿನ ಮಬ್ಬಿನಲ್ಲಿ ರೆಕ್ಕೆಯ ಗರಿ ಗರಿ ಕಾಣಬೇಕಿತ್ತು. ಮನೆಗೆ ಬಂದು ನೋಡಿದರೆ ಬಣ್ಣ ಬಳಿದ ಗೋಡೆ. ಆ ಬೆಳಿಗ್ಗೆ ಹಕ್ಕಿಗಳು ಒಟ್ಟಿಗೆ ಎದ್ದ ಗಳಿಗೆ ಮತ್ತೆ ನನಗೆ ಸಿಗಲಿಲ್ಲ. ಇವತ್ತಿಗೂ ಬೇಸರ ಇದೆ.

ಇನ್ನೊಂದು ಮಾತು. ಹಾರುವ ಹಕ್ಕಿಯನ್ನು ಸ್ಕ್ರೀನ್‌ನಲ್ಲಿ ಹುಡುಕುವುದು, ಕೈ ಚಾಚಿಕೊಂಡು, ನನ್ನಿಂದ ಆಗುವುದಿಲ್ಲ. ಡಿ90ರ ವ್ಯೂಫೈಂಡರ್‌ನಲ್ಲಿ ಗಾಜು, ಕನ್ನಡಿ ಅಷ್ಟೇ ಇರುವುದು. ಕಣ್ಣಿಟ್ಟರೆ ಎದುರಿನದ್ದು ಹಾಗೇ ಕಾಣುತ್ತದೆ, ತಡ ಅನ್ನುವುದು ಇಲ್ಲ. ಯಕ್ಷಗಾನದಲ್ಲಿ ದಿಗಿಣ ಹೊಡೆಯುವವರನ್ನು, ಅಂದರೆ ಹಾರಿ ತಿರುಗಿ ಕುಣಿಯುವವರನ್ನು, ಹಿಡಿಯಲು ನಿನಗೂ ಅದೇ ಬೇಕಾಗುತ್ತದೆ.

ನನ್ನ ಹತ್ತಿರ 50 ಎಫ್ 1.8 ಡಿ ಲೆನ್ಸ್ ಇದೆ. ಹಕ್ಕಿಗೆ ಅದು ಕೆಲಸಕ್ಕೆ ಬರುವುದಿಲ್ಲ, ಸುಮ್ನೆ ಡಬ್ಬಿಯಲ್ಲಿ ಕೂತಿದೆ. ಮುಂದಿನ ವಾರ ಮುಂಬಯಿಗೆ ಬರುವುದಿದೆ. ಬೇಕಾದರೆ ತರುತ್ತೇನೆ. ಬಳಸಿ ನೋಡು.

ವಾಸ್ಕೋ ಕಾರವಾರ

ನಾನು ಗೋವಾದಲ್ಲಿ ಪ್ರವಾಸಿಗರ ಫೋಟೋ ತೆಗೆಯುವವನು. ದಿನದ ಮುಕ್ಕಾಲು ಪಾಲು ಬೀಚಿನಲ್ಲಿ. ನನ್ನ ಬಳಿ ಎರಡೂ ಬಗೆಯ ಕ್ಯಾಮೆರಾ ಇವೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

ನಡು ಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲು, ಎದುರು ನಿಂತವರು ಟೊಪ್ಪಿ ಹಾಕಿದ್ದಾರೆ. ಮುಖ ಪೂರ್ತಿ ಕಪ್ಪು. ಮುಖಕ್ಕೆ ಸ್ವಲ್ಪ ಫ್ಲ್ಯಾಶ್ ಬೇಕು. ಡಿ90ರ ಶಟರ್, ಅಂದರೆ ಬೆಳಕನ್ನು ಒಳಬಿಟ್ಟು ಮುಚ್ಚುವ ಬಾಗಿಲು, ಎರಡು ಪರದೆಗಳದ್ದು. ಅದರ ಸ್ವಂತ ಫ್ಲ್ಯಾಶ್ ಹಾಕಿದರೆ 1/200 ಸೆಕೆಂಡಿಗಿಂತ ಬೇಗ ಹೋಗಲು ಬಿಡುವುದಿಲ್ಲ. ಐಎಸ್‌ಒ ಕೂಡ 200ರಿಂದಲೇ ಶುರು. ಹಾಗಾಗಿ ಬಿಸಿಲಿಗೆ ಎಫ್ 16ಕ್ಕೆ ಮುಚ್ಚಬೇಕು. ಅಷ್ಟು ಮುಚ್ಚಿದರೆ ಆ ಪುಟ್ಟ ಫ್ಲ್ಯಾಶ್ ಒಂದು ಮೀಟರ್ ಆಚೆ ತಲುಪುವುದಿಲ್ಲ. ಆರ್‌ಎಕ್ಸ್100ರಂಥ ಪಾಕೆಟ್‌ಗಳ ಶಟರ್ ಲೆನ್ಸಿನ ಒಳಗೇ ಇರುತ್ತದೆ. 1/2000ರಲ್ಲೂ ಫ್ಲ್ಯಾಶ್ ಹೊಂದುತ್ತದೆ. ಎಫ್ 4, 1/2000. ಹಿಂದೆ ಸಮುದ್ರ ನೀಲಿ, ಮುಂದೆ ಮುಖ ಬೆಳಗಿದೆ. ದೊಡ್ಡ ಕ್ಯಾಮೆರಾದಲ್ಲಿ ಇದನ್ನು ಮಾಡಲು ನಾನು ಮೇಲೆ ಬೇರೆ ದೊಡ್ಡ ಫ್ಲ್ಯಾಶ್ ಕೂರಿಸಬೇಕು.

ಆದರೆ ಅದೇ ಬಿಸಿಲಲ್ಲಿ ಪಾಕೆಟ್‌ನ ಸ್ಕ್ರೀನ್ ಕಾಣುವುದೇ ಇಲ್ಲ. ಎಷ್ಟೋ ಸಲ ಅಂದಾಜಿನಲ್ಲಿ ಒತ್ತುತ್ತೇನೆ. ನೀವು ಹೇಳಿದ ಮೊದಲ ಮಾಡೆಲ್‌ನಲ್ಲಿ ವ್ಯೂಫೈಂಡರ್ ಇಲ್ಲ. ಮೇಲಕ್ಕೆ ಏಳುವ ವ್ಯೂಫೈಂಡರ್ ಬಂದದ್ದು 2014ರ ಮೂರನೆಯ ಮಾಡೆಲ್‌ನಲ್ಲಿ.

ಮತ್ತೆ ಮರಳು. ಇದನ್ನು ಮಾತ್ರ ಮರೆಯಬೇಡಿ. ಕೋಲ್ವಾದಲ್ಲಿ ಒಮ್ಮೆ ನನ್ನ ಪಾಕೆಟ್ ಕ್ಯಾಮೆರಾವನ್ನು ಟವಲ್ ಮೇಲೆ ಇಟ್ಟೆ, ಎರಡೇ ನಿಮಿಷ. ಗಾಳಿ ಬೀಸಿತು. ಆನ್ ಮಾಡಿದಾಗ ಲೆನ್ಸ್ ಅರ್ಧ ಹೊರಬಂದು ಕರ್ರ್ ಅಂತ ನಿಂತಿತು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸೀಸನ್ ಹೊತ್ತು, ಬುಕ್ ಆಗಿದ್ದ ಆರು ದಿನದ ಕೆಲಸ ಕಳೆದುಕೊಂಡೆ. ರಿಪೇರಿಯ ಖರ್ಚು ಕೇಳಿದರೆ ಹಳೆಯದೊಂದು ಕೊಳ್ಳಬಹುದಿತ್ತು. ಡಿಎಸ್‌ಎಲ್‌ಆರ್‌ಗೆ ಮರಳು ಬಿದ್ದರೆ ಹೆಚ್ಚಾಗಿ ಕೆಡುವುದು ಲೆನ್ಸ್, ಬಾಡಿ ಉಳಿಯುತ್ತದೆ. ಪಾಕೆಟ್‌ನಲ್ಲಿ ಎಲ್ಲ ಒಂದೇ.

ಠಾಣೆ ಸಿಸಿಡಿ

ಯಕ್ಷಗಾನಕ್ಕೆ ನನ್ನ ಕ್ಯಾಮೆರಾ ಆಗುವುದಿಲ್ಲ ಅಂತ ಈಗ ಗೊತ್ತಾಯಿತು ಅಕ್ಕ. ಆದರೂ ಅಣ್ಣ, ಸಿಸಿಡಿ ಬಣ್ಣ ಬೇರೆ ಅನ್ನುವುದು ನಿಜ ತಾನೆ?

ಲೆನ್ಸ್ ರಿಪೇರಿ ಮಾಟುಂಗಾ

ತಮ್ಮ, ನಿನಗೆ ಕಂಡ ಬಣ್ಣ ನಿಜ. ಕಾರಣ ಮಾತ್ರ ಸಿಸಿಡಿ ಒಂದೇ ಅಲ್ಲ. ಸೆನ್ಸರ್ ಕೊಡುವುದು ಬರೀ ಬೆಳಕಿನ ಅಳತೆ. ಅದನ್ನು ಬಣ್ಣ ಮಾಡುವುದು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್ ಮತ್ತು ಕ್ಯಾಮೆರಾದೊಳಗಿನ ಪ್ರೊಸೆಸಿಂಗ್. ಆಗಿನ ಕಂಪನಿಗಳು ಬಣ್ಣವನ್ನು ಸ್ವಲ್ಪ ಗಾಢವಾಗಿ ಇಡುತ್ತಿದ್ದವು. ಮೇಲಿಂದ ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್ ಮುಖಕ್ಕೆ ನೇರವಾಗಿ ಹೊಡೆಯುತ್ತದೆ. ಮುಂದಿನದು ಬೆಳಗುತ್ತದೆ, ಹಿಂದಿನದು ಕತ್ತಲಾಗುತ್ತದೆ. ನೀನು ಇಷ್ಟಪಡುವ ನೋಟ ಅದು. ಡಿಎಸ್‌ಎಲ್‌ಆರ್‌ನಲ್ಲೂ ಸಿಸಿಡಿ ಇತ್ತು. 2006ರ ಡಿ80ರಲ್ಲಿ ಸಿಸಿಡಿ, ಅದರ ನಂತರದ ಡಿ90ರಲ್ಲಿ ಸಿಮಾಸ್ ಅನ್ನುವ ಇನ್ನೊಂದು ಬಗೆಯ ಸೆನ್ಸರ್. ಖುಷಿಯಿಂದ ತೆಗೆ. ಹಳೆಯ ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಹಾಕಬೇಡ.

ಪಿಂಪ್ರಿ ಶಿಫ್ಟ್

ಈಗಿನ ಫೋನುಗಳಲ್ಲೇ ಇದೆಲ್ಲ ಆಗುತ್ತದಲ್ಲ? ಎರಡೆರಡು ಕ್ಯಾಮೆರಾ ಯಾಕೆ?

ಡೊಂಬಿವಲಿ ಫಾಸ್ಟ್

ಫೋನಿನಲ್ಲಿ ಎರಡು ವರ್ಷ ತೆಗೆದೆ. ಕೂತವರ ಫೋಟೋ ಚೆನ್ನಾಗಿ ಬರುತ್ತದೆ. ಕುಣಿಯುವವರದ್ದು ಬರುವುದಿಲ್ಲ. ಕತ್ತಲಲ್ಲಿ ಫೋನು ನಾಲ್ಕಾರು ಫೋಟೋ ಒಟ್ಟಿಗೆ ತೆಗೆದು ಸೇರಿಸುತ್ತದೆ. ವೇಷ ತಿರುಗುತ್ತಿದ್ದರೆ ಕೈಬೆರಳು, ಗೆಜ್ಜೆ ಎಲ್ಲ ಕಲಸಿ ಹೋಗುತ್ತದೆ. ಯಕ್ಷಗಾನದಲ್ಲಿ ಬೆರಳೇ ಮಾತಾಡುವುದು, ಅದಿಲ್ಲದೆ ಏನುಳಿಯಿತು?

ಮಾಟುಂಗಾ ಅಣ್ಣ, ಒಂದು ಹೆದರಿಕೆ. ಇವತ್ತು 18-105 ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಎಳೆ ಎಳೆ ಕಾಣುತ್ತಿದೆ. ಇದೇನಾ ಫಂಗಸ್?

ಲೆನ್ಸ್ ರಿಪೇರಿ ಮಾಟುಂಗಾ

ಅದೇ. ಮಳೆಗಾಲದಲ್ಲಿ ನನ್ನ ಟೇಬಲ್ ಮೇಲೆ ಬರುವ ಹತ್ತರಲ್ಲಿ ಆರು ಲೆನ್ಸ್ ಈ ಕಾಯಿಲೆಯವು. ಅಂಚಿನಲ್ಲಿ ಮಾತ್ರ ಇದ್ದರೆ ಫೋಟೋದಲ್ಲಿ ಕಾಣುವುದಿಲ್ಲ, ಆದರೆ ಬಿಟ್ಟರೆ ಬೆಳೆಯುತ್ತದೆ. ಅದು ಹೊರಡಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಬೇಗ ತನ್ನಿ.

ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲಿ ಇಟ್ಟು ಕಪಾಟು ಮುಚ್ಚುವುದೇ ದೊಡ್ಡ ತಪ್ಪು. ಬ್ಯಾಗಿನ ಸ್ಪಂಜು ನೀರಿನ ಪಸೆ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಂದು ಕೆಳಗೆ ಸಿಲಿಕಾ ಜೆಲ್ ಹಾಕಿ. ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಅದನ್ನೂ ಇಡಿ. 40ರಿಂದ 50 ಪರ್ಸೆಂಟ್ ಇದ್ದರೆ ಸರಿ. 60 ದಾಟಿದರೆ ಫಂಗಸ್‌ಗೆ ಹಬ್ಬ. ತೀರಾ ಒಣಗಿಸುವುದೂ ಬೇಡ, ಒಳಗಿನ ಗ್ರೀಸ್ ಒಣಗುತ್ತದೆ. ನೀಲಿ ಹರಳು ಗುಲಾಬಿ ಆದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಆದರೆ ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ, ಆ ನೀಲಿ ಬಣ್ಣ ವಿಷ. ಅದಕ್ಕೇ ಹಳೆಯದೊಂದು ಬೇರೆ ಇಡಿ.

ಎಲ್ಲಕ್ಕಿಂತ ಒಳ್ಳೆಯ ಮದ್ದು ಕ್ಯಾಮೆರಾ ಬಳಸುವುದು. ಬೆಳಕು ಗಾಳಿ ಕಂಡ ಲೆನ್ಸಿಗೆ ಫಂಗಸ್ ಸುಲಭಕ್ಕೆ ಹಿಡಿಯುವುದಿಲ್ಲ.

ಭಿಗ್ವಣ ಕಾಕಾ

ತಂಗಿ, ಬುಧವಾರ ಡೆಕ್ಕನ್ ಕ್ವೀನ್‌ನಲ್ಲಿ ಬರುತ್ತೇನೆ. 1930ರಿಂದ ಓಡುತ್ತಿರುವ ಗಾಡಿ, ಸಾಧಾರಣ ಕೈ ಕೊಡುವುದಿಲ್ಲ. ಸಿಎಸ್‌ಎಂಟಿಗೆ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ. ನಿನ್ನ ಆಫೀಸಿನ ಗೇಟಿಗೇ ತಂದು ಕೊಡುತ್ತೇನೆ. ಲೆನ್ಸ್ ಡಬ್ಬಿಯಲ್ಲಿ ಒಂದು 32 ಜಿಬಿ ಕಾರ್ಡೂ ಇದೆ. ಡಿ90ಕ್ಕೆ 64 ಜಿಬಿಯದ್ದು ಹಾಕಬೇಡ. ಅದು ಎಸ್‌ಡಿಎಚ್‌ಸಿ ಕಾಲದ ಕ್ಯಾಮೆರಾ, 32ಕ್ಕೆ ನಿಲ್ಲುತ್ತದೆ.

ಡೊಂಬಿವಲಿ ಫಾಸ್ಟ್

ಕಾಕಾ, ಲೆನ್ಸ್ ತಲುಪಿತು. ನೀವು ಕಟ್ಟಿ ತಂದ ಧಾರವಾಡ ಪೇಢೆಯನ್ನೂ ಆಫೀಸಿನಲ್ಲಿ ಹಂಚಿದೆ. ಗೆಳತಿ ತನ್ನ ಆರ್‌ಎಕ್ಸ್100ನ್ನು ಶನಿವಾರ, ಭಾನುವಾರಕ್ಕೆ ಕೊಟ್ಟಿದ್ದಾಳೆ. ಶನಿವಾರ ಮಧ್ಯಾಹ್ನ ಯಕ್ಷಗಾನದ ಆಟ ಇದೆ. ಎರಡೂ ತಗೊಂಡು ಹೋಗುತ್ತೇನೆ.

ಡೊಂಬಿವಲಿ ಫಾಸ್ಟ್

ಹೋಗಿ ಬಂದೆ. ಎಲ್ಲವನ್ನೂ ಬರೆಯುತ್ತೇನೆ, ನನ್ನ ಹಾಗೆ ಒದ್ದಾಡುವವರಿಗೆ ಉಪಯೋಗ ಆಗಲಿ.

ಆಟ ಶುರುವಾಗುವ ಎರಡು ಗಂಟೆ ಮೊದಲೇ ಚೌಕಿಗೆ ಹೋದೆ. ಕಲಾವಿದರು ವೇಷ ಕಟ್ಟುವ, ಸಭಾಂಗಣದ ಹಿಂದಿನ ಸಣ್ಣ ಕೋಣೆ. ಎರಡು ಟ್ಯೂಬ್‌ಲೈಟ್. ನೆಲದ ಮೇಲೆ ಕನ್ನಡಿ ಹಿಡಿದು ಹನ್ನೆರಡು ಜನ ಕೂತಿದ್ದರು. ಮೊದಲು ಡಿ90ಕ್ಕೆ 50 ಹಾಕಿದೆ. ಜಾಗವೇ ಸಾಲಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಒಬ್ಬರ ಮುಖ, ಹೆಗಲು ಅಷ್ಟೇ ಸಿಗುತ್ತದೆ. ಕಿಟ್ ಲೆನ್ಸ್ ಹಾಕಿ 18ರಲ್ಲಿ ತೆಗೆದೆ. ಎಫ್ 3.5, 1/60, ಐಎಸ್‌ಒ 1600. ಆಮೇಲೆ ಅದೇ ಜಾಗದಿಂದ ಪಾಕೆಟ್‌ನಲ್ಲಿ ಎಫ್ 1.8, 1/60, ಐಎಸ್‌ಒ 400. ಮನೆಗೆ ಬಂದು ಕಂಪ್ಯೂಟರಿನಲ್ಲಿ ಎರಡನ್ನೂ ಒಂದೇ ಅಳತೆಗೆ ತಂದು ನೋಡಿದೆ. ಮಾಟುಂಗಾ ಅಣ್ಣ ಹೇಳಿದ್ದು ಅಕ್ಷರಶಃ ಸರಿ. ನುಣುಪು, ಕಾಳು ಎಲ್ಲ ಒಂದೇ. ಪಾಕೆಟ್‌ನದ್ದರಲ್ಲಿ ಕನ್ನಡಿಯ ಅಂಚಿನ ಗೀರು ಇನ್ನೂ ಸ್ಪಷ್ಟ.

ಲೆಕ್ಕಕ್ಕೆ ಸಿಗದ ಇನ್ನೊಂದು ನಡೆಯಿತು. ಬಣ್ಣದ ವೇಷದವರೊಬ್ಬರು ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟಿನದ್ದು, ಒಂದೊಂದೇ ಚುಕ್ಕೆ. ನಾನು ಡಿ90 ಎತ್ತಿದ ಕೂಡಲೇ ಕೈ ನಿಲ್ಲಿಸಿ, ನೆಟ್ಟಗೆ ಕೂತು ಕ್ಯಾಮೆರಾ ನೋಡಿದರು. ಮರ್ಯಾದೆಯಿಂದಲೇ. ಆದರೆ ನನಗೆ ಬೇಕಾದ್ದು ಆ ಕೈ ಅಲ್ವಾ? ಹತ್ತು ನಿಮಿಷ ಬಿಟ್ಟು ಪಾಕೆಟ್ ತೆಗೆದೆ. ತಲೆ ಎತ್ತಲಿಲ್ಲ. ಶಬ್ದವೂ ಇಲ್ಲ. ಕೆನ್ನೆಯಿಂದ ಹುಬ್ಬಿನ ತನಕ ಚಿಟ್ಟಿ ಏರುವುದನ್ನು ಹದಿನೇಳು ಫೋಟೋಗಳಲ್ಲಿ ತೆಗೆದೆ. ಇಂಥದ್ದು ನನ್ನ ಹತ್ತಿರ ಹಿಂದೆ ಒಂದೂ ಇರಲಿಲ್ಲ.

ಈಗ ರಂಗಸ್ಥಳ. ಮೂರನೆಯ ಸಾಲಿನಲ್ಲಿ ಕೂತಿದ್ದೆ. ಪಾಕೆಟ್ ಪೂರ್ತಿ ಜೂಮ್ ಮಾಡಿದರೆ ಎಫ್ 4.9, 1/160, ಐಎಸ್‌ಒ 3200. ಕುಣಿಯುವವರು ಅಲುಗಾಡಿದ್ದರು, ಕಿರೀಟದ ಕೆಂಪು ಬಣ್ಣ ಪೇಸ್ಟ್ ಹಾಗೆ ಕಲಸಿತ್ತು. ದಿಗಿಣ ಶುರುವಾದಾಗ ಒತ್ತಿದೆ. ಫೋಕಸ್ ಹಿಂದೆ ಮುಂದೆ ಹೋಗಿ ಹುಡುಕಿತು. ಕ್ಲಿಕ್ ಆಗುವ ಹೊತ್ತಿಗೆ ಅವರು ಬೆನ್ನು ತಿರುಗಿಸಿದ್ದರು. ಎಂಟು ಸಲವೂ ಹೀಗೇ.

ಡಿ90 ಎತ್ತಿದೆ, ಕಾಕಾನ 50. ಎಫ್ 2, 1/500, ಐಎಸ್‌ಒ 1600. ಮೊದಲ ಫೋಟೋದಲ್ಲೇ ಎರಡೂ ಕಾಲು ನೆಲದಿಂದ ಮೇಲೆ, ಗೆಜ್ಜೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಹಿಂದಿನ ಪರದೆ ಮಸುಕಾಗಿ ವೇಷ ಮಾತ್ರ ಎದ್ದು ನಿಂತಿದೆ. 16 ವರ್ಷ ಹಿಂದಿನ ಬಾಡಿ, ಅದಕ್ಕಿಂತ ಹಳೆಯ ಲೆನ್ಸ್! ನನಗೆ ಕಣ್ಣಲ್ಲಿ ನೀರು ಬಂತು. ಅಪ್ಪಯ್ಯ ಇಷ್ಟು ವರ್ಷ ಆ ಕಿಟ್ ಲೆನ್ಸಿನಲ್ಲಿ ಆಟದ ಫೋಟೋ ತೆಗೆದು, ಕೈ ನಡುಗಿತು ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ತಪ್ಪು ಅವರ ಕೈಯದ್ದಲ್ಲ ಅಂತ ಫೋನ್ ಮಾಡಿ ಹೇಳಿದೆ.

ಡಿ90ರಲ್ಲೂ ಎಲ್ಲ ಸರಿ ಬಂದಿಲ್ಲ. 62 ಫೋಟೋಗಳಲ್ಲಿ 20ರಷ್ಟು ಫೋಕಸ್ ತಪ್ಪಿವೆ. ಕಣ್ಣು ಬಿಟ್ಟು ಕರ್ಣಕುಂಡಲ ಸ್ಪಷ್ಟ ಬಂದಿದೆ. ಮತ್ತೆ, ಒತ್ತಿದಾಗ ಕ್ಯಾಮೆರಾದೊಳಗಿನ ಕನ್ನಡಿ ಬಡಿಯುವ ಶಬ್ದ. ಚಂಡೆ ಇರುವಾಗ ಯಾರಿಗೂ ಕೇಳುವುದಿಲ್ಲ. ಆದರೆ ಕರುಣ ರಸದ ಪದ್ಯ, ಭಾಗವತರ ದನಿ ಸಣ್ಣಗೆ ಇಳಿದಿದೆ, ಆಗ ಟಪ್ ಅಂತು. ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿದರು. ಕ್ಯಾಮೆರಾ ಮಡಿಲಲ್ಲಿ ಇಟ್ಟು ಆ ಪದ್ಯ ಮುಗಿಯುವ ತನಕ ಸುಮ್ನೆ ಕೇಳಿದೆ.

ಬರುವಾಗ ಎಸಿ ಲೋಕಲ್ ಸಿಕ್ಕಿತು. ಡೊಂಬಿವಲಿಯಲ್ಲಿ ಇಳಿದ ಕೂಡಲೇ ಲೆನ್ಸ್ ಪೂರ್ತಿ ಮಂಜು. ಒರೆಸಲಿಲ್ಲ, ಬ್ಯಾಗಿನಲ್ಲಿಟ್ಟು ಕಾದೆ. ಕಾಲು ಗಂಟೆಯಲ್ಲಿ ಹೋಯಿತು.

ಭಾನುವಾರ ಬೆಳಿಗ್ಗೆ ದಾದರ್ ಮಾರ್ಕೆಟ್‌ಗೆ ಪಾಕೆಟ್ ಮಾತ್ರ. ತಲೆ ಮೇಲೆ ಬುಟ್ಟಿ ಹೊತ್ತವರು ಮೈಗೆ ಮೈ ತಾಗಿಸಿ ಹೋಗುವ ಜಾಗ ಅದು. ಅಲ್ಲಿ ದೊಡ್ಡದು ಬೇಡವೇ ಬೇಡ.

ಲೆನ್ಸ್ ರಿಪೇರಿ ಮಾಟುಂಗಾ

ತಂಗಿ, ಬಹಳ ಖುಷಿ ಆಯಿತು. ಫೋಕಸ್ ತಪ್ಪಿದ್ದಕ್ಕೆ ಎರಡು ಮಾತು. ಡಿ90ರಲ್ಲಿ 11 ಫೋಕಸ್ ಪಾಯಿಂಟ್ ಇವೆ, ನಡುವಿನದ್ದು ಮಾತ್ರ ಅಡ್ಡ ಉದ್ದ ಎರಡೂ ಗೆರೆ ಗುರುತಿಸುತ್ತದೆ. ಕಡಿಮೆ ಬೆಳಕಿನಲ್ಲಿ ಅದನ್ನೇ ಬಳಸಿ. ಲೆನ್ಸಿಗೆ ತಕ್ಕಂತೆ ಫೋಕಸ್ ತಿದ್ದುವ ಸೌಲಭ್ಯ ಈ ಬಾಡಿಯ ಮೆನುವಿನಲ್ಲಿ ಇಲ್ಲ. ಎಫ್ 2ರ ಬದಲು 2.8 ಇಟ್ಟು, ಶಟರ್ 1/250ಕ್ಕೆ ಇಳಿಸಿ ನೋಡಿ. ನಿಂತ ವೇಷಕ್ಕೆ ಸಾಕು.

ಡೊಂಬಿವಲಿ ಫಾಸ್ಟ್

ಮಾಡುತ್ತೇನೆ ಅಣ್ಣ. ತೀರ್ಮಾನ ಆಗಿದೆ. ಡಿ90 ಬಾಡಿ ಮಾರುವುದಿಲ್ಲ. 18-105 ಲೆನ್ಸ್ ನೀವು ಶುಚಿ ಮಾಡಿ ಕೊಟ್ಟ ಮೇಲೆ, ಫಂಗಸ್ ಇದ್ದದ್ದನ್ನು ಕೊಳ್ಳುವವರಿಗೆ ಹೇಳಿಯೇ ಮಾರುತ್ತೇನೆ. ಪಾಕೆಟ್ ದುಡ್ಡನ್ನು ಎರಡು ಕಂತಿನಲ್ಲಿ ಕೊಡಲು ಗೆಳತಿ ಒಪ್ಪಿದ್ದಾಳೆ. ಅದನ್ನು ಕೊಳ್ಳುವ ಮೊದಲು ಏನು ನೋಡಬೇಕು?

ಲೆನ್ಸ್ ರಿಪೇರಿ ಮಾಟುಂಗಾ

ಎಫ್ 11 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಲೆನ್ಸ್ ಒಳಗೆ ಹೊರಗೆ ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಡಿ90ರಲ್ಲಿ ಸೆನ್ಸರ್ ಧೂಳನ್ನು ಬ್ಲೋವರ್‌ನಿಂದ ಊದಬಹುದು. ಇದರಲ್ಲಿ ಪೂರ್ತಿ ಬಿಚ್ಚಬೇಕು. ಹತ್ತು ಸಲ ಆನ್ ಆಫ್ ಮಾಡಿ ಲೆನ್ಸಿನ ಶಬ್ದ ಕೇಳಿ. ಬ್ಯಾಟರಿ ಇನ್ನೊಂದು ಇಟ್ಟುಕೊಳ್ಳಿ. ಕಂಪನಿ ಲೆಕ್ಕದಲ್ಲಿ ಡಿ90 ಒಂದು ಚಾರ್ಜಿಗೆ 850 ಫೋಟೋ, ಇದು 330.

ಡೊಂಬಿವಲಿ ಫಾಸ್ಟ್

ತೆಗೆದು ನೋಡಿದೆ. ಬಲ ಮೂಲೆಯಲ್ಲಿ ಒಂದು ಮಸುಕು ಚುಕ್ಕೆ. ಎಫ್ 4ರಲ್ಲಿ ಕಾಣುವುದಿಲ್ಲ. ಗೆಳತಿಗೆ ತೋರಿಸಿದೆ, ಅವಳೇ ಬೆಲೆ ಸ್ವಲ್ಪ ಇಳಿಸಿದಳು. ನಾಳೆ ನನ್ನ ಕೈಗೆ ಬರುತ್ತದೆ. ಕಾಕಾ, ನಿಮ್ಮ ಲೆನ್ಸ್ ಯಾವಾಗ ಕಳಿಸಲಿ? ನಾನು ಒಂದು ಹುಡುಕುತ್ತಿದ್ದೇನೆ, ಇನ್ನೂ ಒಳ್ಳೆಯದು ಸಿಕ್ಕಿಲ್ಲ.

ಭಿಗ್ವಣ ಕಾಕಾ

ಇನ್ನೂ ಎಷ್ಟು ಆಟ ಬಾಕಿ ಇವೆ? ಎಲ್ಲ ಮುಗಿಯಲಿ. ಭಿಗ್ವಣಕ್ಕೆ ಹಕ್ಕಿ ಬರುವುದು ಚಳಿಗಾಲಕ್ಕೆ, ಆಗಲೂ ನನಗೆ 50 ಬೇಕಾಗುವುದಿಲ್ಲ. ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡು. ಆ ದಿಗಿಣದ ಫೋಟೋ ಒಂದು ಇಲ್ಲಿ ಹಾಕವಾ, ನಾವೂ ನೋಡೋಣ.